ಬಾಣಂತಿ ಸನ್ನಿ ಅಂದ್ರ ಏನಿತ್ತು? ಮೂರ್ಛೆ ಮತ್ತು ಮಿದುಳಿನ ರಕ್ತನಾಳಗಳ ಕಥೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹಿರಿಯರಿಗೆ 'ಬಾಣಂತಿ ಸನ್ನಿ' ಅನ್ನೋ ಮಾತು ಗೊತ್ತಿರ್ತದ. ಹಡೆದು ಎಂಟ್ಹತ್ತು ದಿನ ಆಗಿರ್ತದ. ತಲೆನೋವು ಏರ್ತಾ ಹೋಗ್ತದ, ಒಂದು ಕೈ ಜಗ್ಗಲಿಕ್ಕೆ ಹತ್ತಿ ಇಡೀ ಮೈ ಸೆಟೆದು ಮೂರ್ಛೆ ಬರ್ತದ. ಒಬ್ಬರು ಕೈಯಾಗ ಕೀಲಿಕೈ ಹಿಡಿಸ್ತಾರ, ಇನ್ನೊಬ್ಬರು ಉಳ್ಳಾಗಡ್ಡಿ ಮೂಸಿಸ್ತಾರ.

ಆ ಒಂದೇ ಹೆಸರಿನಡಿ ಹಲವು ಕಾಯಿಲೆಗಳು ಸೇರಿಕೊಂಡಿದ್ದವು. ಹೆರಿಗೆ ನಂತರದ ಮನೋರೋಗ, ನಂಜು, ರಕ್ತದೊತ್ತಡದ ಸೆಳೆತ. ಇವತ್ತು ನಾವು ಮಾತಾಡೋದು ಇನ್ನೊಂದರ ಬಗ್ಗೆ: ಮಿದುಳಿನಿಂದ ರಕ್ತ ಹೊರಗೆ ಒಯ್ಯುವ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು.

ಮೊದಲು ಲಂಡನ್‌ಗೆ ಹೋಗಿ ಬರೋಣ. 1870ರಲ್ಲಿ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯರು ಸೆಳೆತಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೆಬ್ಬೆರಳಲ್ಲಿ ಶುರುವಾದ ಜಗ್ಗಾಟ ತೋಳಿಗೆ, ಮುಖಕ್ಕೆ ಸಾಲುಹಿಡಿದು ಏರುವುದನ್ನು ಅವರು ಗಮನಿಸಿದ್ದರು. ಹಾಗಾದರೆ ಮಿದುಳಿನ ಮೇಲ್ಪದರದಲ್ಲಿ ಈ ಅಂಗಗಳಿಗೆ ಅಕ್ಕಪಕ್ಕದ ಜಾಗಗಳಿರಬೇಕು, ಅಲ್ಲೆಲ್ಲೋ ಗಾಯವಾಗಿರಬೇಕು ಅಂತ ಊಹಿಸಿದರು. ವಿಧಿ ನೋಡಿ, 1876ರಲ್ಲಿ ಅವರ ಹೆಂಡತಿ ಎಲಿಜಬೆತ್ ತೀರಿಕೊಂಡದ್ದು ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ಅದೇ ಬಗೆಯ ಸೆಳೆತಗಳಿಂದ.

ನಮ್ಮ ಕಡೆ? 1894ರಲ್ಲಿ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಮಿಷನ್ ಆಸ್ಪತ್ರೆ ಶುರುಮಾಡಿದ ಮೇಲೆ ಕಾಗವಾಡ, ಅಥಣಿಯವರಿಗೆ ದೊಡ್ಡ ದವಾಖಾನೆ ಅಂದ್ರ ಮಿರಜ. ಆದರೆ ಸಿಟಿ ಸ್ಕ್ಯಾನ್ ಜಗತ್ತಿನ ಮೊದಲ ರೋಗಿಯ ತಲೆ ನೋಡಿದ್ದೇ 1971ರಲ್ಲಿ. ಅಲ್ಲಿಯತನಕ ಸನ್ನಿ ಸನ್ನಿಯಾಗೇ ಉಳೀತು.

ಹೆಪ್ಪಿಗೂ ಮೂರ್ಛೆಗೂ ಏನು ನಂಟು? ಕೃಷ್ಣಾ ದಂಡೆಯ ಕಬ್ಬಿನ ರೈತರಿಗೆ ಇದು ಬೇಗ ತಿಳೀತದ. ನೀರು ಬರೋ ಕಾಲುವೆ ಚೆನ್ನಾಗದ, ಬಸಿಗಾಲುವೆ ಮುಚ್ಚಿದೆ ಅಂದ್ರ ಹೊಲ ಏನಾಗ್ತದ? ಸವಳು-ಜವಳು. ಮಿದುಳಿನಲ್ಲೂ ಹಾಗೇ: ಹೊರದಾರಿ ಕಟ್ಟಿದಾಗ ರಕ್ತ ಹಿಂದಕ್ಕೆ ನಿಲ್ಲುತ್ತದೆ, ಬಾವು ಬರುತ್ತದೆ, ಸಣ್ಣ ನಾಳಗಳು ಒಡೆದು ರಕ್ತ ಸೋರುತ್ತದೆ. ಹೊಲದಾಗ ಉಪ್ಪು ಉಳಿದಂಗ ಇಲ್ಲಿ ಕಬ್ಬಿಣ ಉಳೀತದ. ಆ ಕಬ್ಬಿಣ ನರಕೋಶಗಳನ್ನು ಕೆರಳಿಸುತ್ತದೆ. ಇಲಿಗಳ ಮಿದುಳಿಗೆ ಕಬ್ಬಿಣದ ಲವಣ ಕೊಟ್ಟು ಸೆಳೆತ ತರಿಸಿದ ಪ್ರಯೋಗ 1978ರಷ್ಟು ಹಳೆಯದು. 2004ರಲ್ಲಿ ಪ್ರಕಟವಾದ, 624 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಇಂಥ ಹೆಪ್ಪುಗಟ್ಟಿದವರ ಪೈಕಿ ಸುಮಾರು 40%ರಷ್ಟು ಜನರಿಗೆ ಸೆಳೆತ ಬಂದಿತ್ತು. ಮಾಮೂಲಿ ಲಕ್ವದಲ್ಲಿ ಇಷ್ಟು ಇರೋದಿಲ್ಲ.

ಬಾಣಂತಿಗೇ ಯಾಕೆ? ಹೆರಿಗೆಯ ರಕ್ತಸ್ರಾವ ನಿಲ್ಲಲಿ ಅಂತ ಆ ದಿನಗಳಲ್ಲಿ ರಕ್ತ ಸಹಜವಾಗೇ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ರಕ್ತಹೀನತೆ. ಅದರ ಮೇಲೆ ನಾವು ಮಾಡೋದು: ಹೊರಸಿನ ಕೆಳಗ ಕೆಂಡ, ಕಿಟಕಿ ಬಂದ್, ಕುಡಿಯಲು ಗುಟುಕು ನೀರು. ಬಾಣಂತನದ ಅಡುಗೆ, ಎಣ್ಣೆನೀರಿನ ಬಗ್ಗೆ ನನಗೆ ಗೌರವ ಅದ. ನೀರು ಕಟ್ಟೋದನ್ನ ಮಾತ್ರ ಒಪ್ಪಲಿಕ್ಕಾಗೋದಿಲ್ಲ.

ಚಿಕಿತ್ಸೆಯ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ರಕ್ತ ಸೋರಿದ ಮಿದುಳಿಗೆ ರಕ್ತ ತೆಳು ಮಾಡುವ ಹೆಪಾರಿನ್ ಕೊಡೋದು ಹುಚ್ಚುತನ ಅನಿಸ್ತಿತ್ತು. ಜರ್ಮನಿಯಲ್ಲಿ 20 ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗ ಆ ಭಯ ಕಡಿಮೆ ಮಾಡಿತು. ಅದೇ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಅವರ ತಂಡ ಬಾಣಂತಿಯರಿಗೇ ಹೆಪಾರಿನ್ ಕೊಟ್ಟು ಅಧ್ಯಯನ ಮಾಡಿತು. ಬಸಿಗಾಲುವೆ ತೆರೆದರೇ ಸೋರಿಕೆ ನಿಲ್ಲೋದು, ಅಷ್ಟೇ ತರ್ಕ.

ಒಂದೇ ಅಳತೆಯ ಗಾಯ, ಒಬ್ಬರಿಗೆ ಮೂರ್ಛೆ, ಇನ್ನೊಬ್ಬರಿಗೆ ಇಲ್ಲ. ಇದು ಹಳೆಯ ಒಗಟು. 2023ರಲ್ಲಿ ಬಾಸ್ಟನ್ನಿನ ಸಂಶೋಧಕರು, ಮೂರ್ಛೆ ತರುವ ಗಾಯಗಳು ಬೇರೆಬೇರೆ ಕಡೆ ಇದ್ದರೂ ಮಿದುಳಿನ ಆಳದ ಗಂಟುಗಳು ಮತ್ತು ಕಿರುಮಿದುಳಿಗೆ ಬೆಸೆದ ಒಂದೇ ಜಾಲಕ್ಕೆ ಸೇರಿರುತ್ತವೆ ಅಂತ ತೋರಿಸಿದರು. ಗಾಯ ಎಲ್ಲಿದೆ ಅನ್ನೋದಕ್ಕಿಂತ ಅದು ಯಾವ ಜಾಲವನ್ನು ಕೆಡಿಸಿತು ಅನ್ನೋದು ಮುಖ್ಯ ಅಂದಂಗಾಯ್ತು.

ಇನ್ನೊಂದು ಮಾತು. ಹೆಪ್ಪು ಕರಗಿ ಪೂರ್ತಿ ಗುಣವಾದವರು ಬಹಳ ಜನ, ಅವರೆಲ್ಲ ಜೀವನಪೂರ್ತಿ ಗುಳಿಗೆ ನುಂಗಬೇಕಿಲ್ಲ. ಆದರೆ ಕಾನೂನು ಏನಿತ್ತು? 1976ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇಪದೇ ಬರುವ ಮೂರ್ಛೆಯನ್ನು ಹುಚ್ಚಿನ ಪಕ್ಕದಲ್ಲೇ ಇಟ್ಟು, ಮದುವೆಗೆ ಅಡ್ಡಿ ಅಂತ ಬರೆದಿದ್ದರು. ಆ ಪದವನ್ನು ತೆಗೆದದ್ದು 1999ರಲ್ಲಿ. ಕನ್ಯೆ ನೋಡಲಿಕ್ಕೆ ಬಂದವರು 'ಫಿಟ್ಸ್ ಇಲ್ಲಲ್ರೀ?' ಅಂತ ಪಿಸುಗುಟ್ಟಿ ಕೇಳೋದು ಇನ್ನೂ ನಿಂತಿಲ್ಲ.