ರೇಡಿಯೇಟರ್ ನೀರು, ಕ್ಲೀನರ್ ಹುಡುಗ ಮತ್ತು ಹಸಿರು ಕೂಲೆಂಟು

ಎರಡು ದಿನ ರಜೆ ಸಿಕ್ತು ಅಂತ ಮೊನ್ನೆ ಮಳವಳ್ಳಿಗೆ ಹೋಗಿದ್ದೆ. ಊರಿಗೆ ಹೋದರೆ ಸಾಮಾನ್ಯವಾಗಿ ನನ್ನ ಕಾರ್ಯಕ್ರಮ ಊಟ, ನಿದ್ದೆ, ಮತ್ತೆ ಊಟ :-) ಈ ಸಲ ಹಾಗಾಗಲಿಲ್ಲ. ದೊಡ್ಡಪ್ಪನ ಮಗ ಒಂದು ಹಳೇ ಟೆಂಪೋ ಟ್ರಾವೆಲರ್ ಕೊಂಡಿದ್ದಾನೆ. ಹಿಂದಿನ ಸೀಟೆಲ್ಲ ಬಿಚ್ಚಿಸಿ ಎರಡು ಮಂಚ, ಒಂದು ಒಲೆ, ಒಂದು ನೀರಿನ ಟ್ಯಾಂಕು ಕೂರಿಸಿದ್ದಾನೆ. ಮನೆಯವರೆಲ್ಲ ಸೇರಿ ಊರೂರು ಸುತ್ತಿ, ಅದರಲ್ಲೇ ಅಡುಗೆ ಮಾಡಿ, ಅದರಲ್ಲೇ ಮಲಗೋದು ಅವನ ಕನಸು. ಆರ್‌ಟಿಓ ಕಾಗದದ ಕೆಲಸ ಇನ್ನೂ ನಡೀತಿದೆ. ಅಷ್ಟರೊಳಗೆ ಎಂಜಿನ್ ಸರಿ ಮಾಡಿಕೊಳ್ಳೋಣ, ಮೊದಲು ಕೂಲೆಂಟ್ ಬದಲಾಯಿಸೋಣ ಅಂತ ಶನಿವಾರ ಬೆಳಿಗ್ಗೆ ಇಬ್ಬರೂ ಗಾಡಿ ಕೆಳಗೆ ತೂರಿಕೊಂಡೆವು.

ದೊಡ್ಡಪ್ಪ ಜಗಲಿ ಮೇಲೆ ಕೂತು ನೋಡ್ತಾ ಇದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಲಾರಿ ಓಡಿಸಿದವರು. ಪೇಟೆಯಿಂದ ತಂದ ಕೂಲೆಂಟ್ ಕ್ಯಾನನ್ನು ಎತ್ತಿ, ತಿರುಗಿಸಿ, ಬೆಲೆ ಓದಿ ಕೆಳಗಿಟ್ಟರು.

"ಏನ್ಲಾ ಇದು, ಹಸ್ರು ಸರ್ಬತ್ತು? ಇಷ್ಟು ದುಡ್ಡು ಕೊಟ್ಟು ನೀರು ತಂದಿದ್ದೀರಲ್ಲೋ. ನಮ್ ಕಾಲ್ದಲ್ಲಿ ಸತ್ತೇಗಾಲದ ಸೇತುವೆ ತಾವ ಗಾಡಿ ನಿಲ್ಸಿ ಒಂದು ಟಿನ್ ಕಾವೇರಿ ನೀರು ಉಯ್ದ್ರೆ ಆಗೋಗದು."

ನಾನು ಓದಿದ್ದು ಎಂಜಿನಿಯರಿಂಗು, ಮಾಡೋದು ಸಾಫ್ಟ್‌ವೇರು. ರೇಡಿಯೇಟರ್ ವಿಷಯ ಪರೀಕ್ಷೆಗೆ ಓದಿ ಮರೆತಿದ್ದೆ. ಆದರೂ ಅವರ ಮಾತು ತಲೇಲಿ ಉಳಿದುಬಿಡ್ತು. ಅಷ್ಟು ವರ್ಷ ಬರೀ ನೀರಲ್ಲೇ ನಡೆದ ಲಾರಿಗಳಿಗೆ ಏನೂ ಆಗಲಿಲ್ಲವೇ? ಹಾಗಾದರೆ ಈ ಹಸಿರು ದ್ರವ ಬಂದಿದ್ದು ಯಾಕೆ, ಎಲ್ಲಿಂದ? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹುಡುಕಿ ಓದಿದ್ದನ್ನೂ ದೊಡ್ಡಪ್ಪ ಹೇಳಿದ್ದನ್ನೂ ಸೇರಿಸಿ ಇಲ್ಲಿ ಬರೀತಿದ್ದೇನೆ.

ಈ ಕಥೆ ಜರ್ಮನಿಯಲ್ಲಿ ಶುರುವಾಗುತ್ತೆ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಕೇಳಿದ್ದು 1886ರ ಜನವರಿಯಲ್ಲಿ. ಅದಕ್ಕೆ ಈಗಿನ ಹಾಗೆ ರೇಡಿಯೇಟರ್ ಇರಲಿಲ್ಲ. ಎಂಜಿನ್ನಿನ ಸುತ್ತ ನೀರು, ಅದು ಕಾದು ಕುದಿದು ಆವಿಯಾಗಿ ಹೋಗೋದು, ಹೋದಷ್ಟೂ ಮತ್ತೆ ತುಂಬೋದು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ ಬೆಂಜ್, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಸುಮಾರು 100 ಕಿಲೋಮೀಟರು ಗಾಡಿ ಓಡಿಸಿಕೊಂಡು ಹೋದಳು. ದಾರಿಯುದ್ದಕ್ಕೂ ನೀರು ಸಿಕ್ಕ ಕಡೆಯೆಲ್ಲ ನಿಲ್ಲಿಸಿ ತುಂಬಿಸಬೇಕಾಯ್ತು, ಏರು ಬಂದಾಗ ತಳ್ಳಬೇಕಾಯ್ತು. ಇದನ್ನು ಓದುವಾಗ ನನಗೆ ನಗು ಬಂತು. ಪ್ರಪಂಚದ ಮೊದಲ ಕ್ಲೀನರ್ ಹುಡುಗರು ಬೆಂಜ್ ಮನೆಯ ಮಕ್ಕಳೇ ಅಂದ ಹಾಗಾಯ್ತಲ್ಲ!

ಕುದಿದು ಹೋಗೋ ನೀರನ್ನು ತಣಿಸಿ ಮತ್ತೆ ಅದನ್ನೇ ಬಳಸುವ ಪ್ರಯತ್ನಗಳು ಆಮೇಲೆ ನಡೆದವು. ವಿಲ್ಹೆಲ್ಮ್ ಮೈಬಾಕ್ 1900ರಲ್ಲಿ ಮೊದಲ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 8,000ಕ್ಕೂ ಹೆಚ್ಚು ಪುಟ್ಟ ಕೊಳವೆಗಳು, ಅವುಗಳ ಒಳಗೆ ಗಾಳಿ, ಸುತ್ತ ನೀರು. ಗಾಳಿಗೆ ಸಿಗುವ ಜಾಗ ಹೆಚ್ಚಾದಷ್ಟೂ ಸ್ವಲ್ಪ ನೀರೇ ಸಾಕಾಗುತ್ತೆ. ಇವತ್ತು ನಿಮ್ಮ ಕಾರಿನ ಮುಂದಿರುವ ರೇಡಿಯೇಟರಿನ ತತ್ವವೂ ಇದೇ.

ಇನ್ನು ಕೂಲೆಂಟಿನ ವಿಷಯ. ಅದು ಹುಟ್ಟಿದ್ದು ಬಿಸಿಲಿಗಲ್ಲ, ಚಳಿಗೆ! ಯೂರೋಪು, ಅಮೆರಿಕಾಗಳಲ್ಲಿ ರಾತ್ರಿ ನಿಲ್ಲಿಸಿದ ಗಾಡಿಯ ನೀರು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳುತ್ತಿತ್ತು. ಅಲ್ಲಿನವರು ನೀರಿಗೆ ಆಲ್ಕೋಹಾಲ್, ಗ್ಲಿಸರಿನ್, ಏನೇನೋ ಬೆರೆಸಿ ನೋಡಿದರು. ಆಲ್ಕೋಹಾಲ್ ಬೇಗ ಆವಿಯಾಗಿ ಹೋಗೋದು. ಕೊನೆಗೆ ನಿಂತಿದ್ದು ಎಥಿಲೀನ್ ಗ್ಲೈಕಾಲ್. ಫ್ರಾನ್ಸಿನ ರಸಾಯನ ವಿಜ್ಞಾನಿ ವುರ್ಟ್ಸ್ 1850ರ ದಶಕದಲ್ಲೇ ಅದನ್ನು ತಯಾರಿಸಿದ್ದ. 1920ರ ದಶಕದ ಕೊನೆಗೆ ಅದು ಅಮೆರಿಕಾದಲ್ಲಿ ಡಬ್ಬಿಯಲ್ಲಿ ಮಾರಾಟಕ್ಕೆ ಬಂತು. ಆಮೇಲೆ ಯುದ್ಧವಿಮಾನದ ಎಂಜಿನ್ನುಗಳಿಗೂ ಹೋಯಿತು. ಅರ್ಧ ನೀರು, ಅರ್ಧ ಗ್ಲೈಕಾಲ್ ಸೇರಿಸಿದರೆ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗೆ ಹೋಗುವ ತನಕ ಹೆಪ್ಪುಗಟ್ಟೋದಿಲ್ಲ.

ಮಳವಳ್ಳಿಯಲ್ಲಿ ಯಾರಿಗೆ ಬೇಕು ಸ್ವಾಮಿ ಇದು? ಧನುರ್ಮಾಸದ ಚಳಿಗೂ ನಮ್ಮೂರಲ್ಲಿ ನೀರು ಹೆಪ್ಪುಗಟ್ಟೋದಿಲ್ಲ. ಹಾಗಾಗಿ ಗಾಡಿಗಳು ಬಂದರೂ ಆ ಡಬ್ಬಿ ಬರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾದವರು ಡೈಮ್ಲರ್-ಬೆಂಜ್ ಜತೆ ಸೇರಿ ಡೀಸೆಲ್ ಲಾರಿ ಮಾಡತೊಡಗಿದರು. ಆ ಒಪ್ಪಂದ 1969ರವರೆಗೆ ನಡೆಯಿತು. ಬೆರ್ತಾಳ ಗಂಡನ ಹೆಸರು ಹೊತ್ತ ಲಾರಿಗಳು ಹೀಗೆ ನಮ್ಮ ರಸ್ತೆಗೂ ಬಂದವು. ಅವೆಲ್ಲಕ್ಕೂ ನಮ್ಮವರು ಹಾಕಿದ್ದು ನೀರನ್ನೇ. ಕೆರೆ ನೀರು, ನಾಲೆ ನೀರು, ಬಾವಿ ನೀರು.

ದೊಡ್ಡಪ್ಪ ಅಂಥ ಒಂದು ಹಳೇ ಟಾಟಾ-ಬೆಂಜ್ ಲಾರಿಗೆ 1973ರ ಹೊತ್ತಿಗೆ ಕ್ಲೀನರ್ ಆಗಿ ಸೇರಿದರು. ಆಗ ಅವರಿಗೆ ಹದಿಮೂರು ವರ್ಷ. ಸ್ಕೂಲು ಬಿಟ್ಟಾಗಿತ್ತು. ಮಂಡ್ಯದ ಕಡೆಯ ಬೆಲ್ಲ ತುಂಬಿಕೊಂಡು ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ದಿಂಬಂ ಘಾಟಿ ಇಳಿದು ಸತ್ಯಮಂಗಲ, ಕೊಯಮತ್ತೂರಿಗೆ ಹೋಗೋದು. ಬರುವಾಗ ನೂಲಿನ ಮೂಟೆ ಹೊತ್ತು ಅದೇ ಘಾಟಿ ಹತ್ತೋದು. ಆ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳು.

"ಕ್ಲೀನರ್ ಅಂದ್ರೆ ಗಾಡಿ ಒರ್ಸೋನು ಅನ್ಕಂಡಿದ್ದೀಯಾ? ನೀರು ನೋಡೋನು ಕಣ್ಲಾ ಕ್ಲೀನರ್ರು" ಅಂದರು. ಎಲ್ಲೆಲ್ಲಿ ಬಾವಿ ಇದೆ, ಯಾವ ತಿರುವಿನಲ್ಲಿ ಬಂಡೆ ಸಂದಿಯಿಂದ ನೀರು ಜಿನುಗುತ್ತೆ, ಬೇಸಿಗೇಲಿ ಯಾವ ಹಳ್ಳ ಬತ್ತುತ್ತೆ, ಎಲ್ಲ ಬಾಯಿಪಾಠ. ಟಿನ್ನಿನಲ್ಲಿ ನೀರು ಖಾಲಿ ಇದ್ದರೆ ಡ್ರೈವರಿನ ಕೈಯಿಂದ ಏಟು. ಏರಿನಲ್ಲಿ ಎಂಜಿನ್ ದುಡಿಯೋದು ಹೆಚ್ಚು, ಗಾಡಿ ಹೋಗೋ ವೇಗ ಕಮ್ಮಿ, ಅಂದರೆ ರೇಡಿಯೇಟರಿಗೆ ಗಾಳಿ ಕಮ್ಮಿ. ಜತೆಗೆ ಎತ್ತರಕ್ಕೆ ಹೋದಷ್ಟೂ ನೀರು ಬೇಗ ಕುದಿಯುತ್ತೆ. 1,000 ಮೀಟರಿಗೆ ಸುಮಾರು 3 ಡಿಗ್ರಿಯಷ್ಟು. ಈ ಲೆಕ್ಕವನ್ನು ನಾನು ಪುಸ್ತಕದಲ್ಲಿ ಓದಿದೆ, ದೊಡ್ಡಪ್ಪ ಮೈಮೇಲೆ ಓದಿದರು.

1976ರಲ್ಲಿ ಒಂದು ಮಧ್ಯಾಹ್ನ ಘಾಟಿಯ ಅರ್ಧದಲ್ಲಿ ಗಾಡಿ ಕುದೀತು. "ಮುಚ್ಚಳ ತೆಗಿಯೋ" ಅಂದ ಡ್ರೈವರ್. ಹೊತ್ತಾಗ್ತಿದೆ ಅಂತ ತಣಿಯೋವರೆಗೂ ಕಾಯಲಿಲ್ಲ. ಹುಡುಗ ಒದ್ದೆ ಗೋಣಿ ಹಾಕಿ ಮುಚ್ಚಳ ತಿರುಗಿಸಿದ. ಒತ್ತಡದಲ್ಲಿದ್ದ ನೀರಿಗೆ ಒಂದು ಸಂದಿ ಸಿಕ್ಕಿದರೆ ಸಾಕು, ಇದ್ದಕ್ಕಿದ್ದ ಹಾಗೆ ಕುದಿದು ಹೊರಗೆ ಚಿಮ್ಮುತ್ತೆ. ಬಲಗೈ ಮೊಣಕೈವರೆಗೂ ಬೆಂದುಹೋಯ್ತು. ಆ ಕೈಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಚರ್ಮ ಮಡಿಸಿದ ಕಾಗದದ ಹಾಗಿದೆ. ಚಿಕ್ಕಂದಿನಲ್ಲಿ ಒಲೆಗೆ ಬಿದ್ದಿದ್ದಿರಬೇಕು ಅಂತಲೇ ಅಂದುಕೊಂಡಿದ್ದೆ. ಕೇಳಿದ್ದು ಮೊನ್ನೆಯೇ ಮೊದಲು. ಲಾರಿ ಮಾಲೀಕ ಎಂಟು ದಿನದ ಸಂಬಳ ಹಿಡಿದನಂತೆ, ಕೆಲಸಕ್ಕೆ ಬರಲಿಲ್ಲ ಅಂತ.

ಇಷ್ಟು ಕೇಳಿದ ಮೇಲೆ ನಾವು ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಎಂಜಿನ್ ರಾತ್ರಿಯಿಂದ ನಿಂತಿತ್ತು, ಪೂರ್ತಿ ತಣ್ಣಗಿತ್ತು. ಆದರೂ ಮುಚ್ಚಳಕ್ಕೆ ಕೈ ಹಾಕೋ ಮೊದಲು ತಮ್ಮ ಎರಡು ಸಲ ಮುಟ್ಟಿ ನೋಡಿದ.

ಕೆಳಗಿನ ಹೋಸ್ ಬಿಚ್ಚಿದಾಗ ಬೇಸಿನ್ನಿಗೆ ಬಿದ್ದದ್ದು ಹಸಿರೂ ಅಲ್ಲ, ನೀರೂ ಅಲ್ಲ. ಕಾಫಿ ಬಣ್ಣದ ರಾಡಿ. ಹಿಂದಿನ ಮಾಲೀಕರು ಎಂದೋ ಹಾಕಿಸಿದ್ದ ಕೂಲೆಂಟಿನ ಮೇಲೆ ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿಯುತ್ತಾ ಬಂದಿದ್ದರು. ಹೋಸಿನ ಬಾಯಲ್ಲಿ ಬಿಳಿ ಪೊರೆ ಕಟ್ಟಿತ್ತು. ಬಚ್ಚಲುಮನೆ ಹಂಡೆಯೊಳಗೆ ಕಟ್ಟುತ್ತಲ್ಲ ಸುಣ್ಣ, ಅದೇ. ದೊಡ್ಡಪ್ಪ ಎದ್ದು ಬಂದು ಉಗುರಲ್ಲಿ ಕೆರೆದು ನೋಡಿದರು.

"ಇದು ನಾಲೆ ನೀರಲ್ಲ ಬುಡು" ಅಂದರು. ಅವರ ಮಾತು ಇಲ್ಲಿ ಅರ್ಧ ಸರಿ. ಅವರು ತುಂಬುತ್ತಿದ್ದ ಹೊಳೆ ನೀರು ಮೆದು. ಈಗ ನಾವು ನೆಲ ಕೊರೆದು ತೆಗೆಯುವ ನೀರು ಗಡಸು, ಅದರ ಸುಣ್ಣ ಬಿಸಿಯಾದ ಕಡೆಯೆಲ್ಲ ಅಂಟುತ್ತೆ. ಸುಣ್ಣದ ಪೊರೆ ದಾಟಿ ಶಾಖ ಹೊರಗೆ ಬರೋದು ಕಷ್ಟ. ಇನ್ನರ್ಧ ಎಂಜಿನ್ನಿನದು. ಆಗಿನ ಎಂಜಿನ್ ದಪ್ಪ ಎರಕದ ಕಬ್ಬಿಣ, ರೇಡಿಯೇಟರ್ ತಾಮ್ರ, ಹಿತ್ತಾಳೆ. ತುಕ್ಕು ಹಿಡಿದರೂ ವರ್ಷಾನುಗಟ್ಟಲೆ ತಡೆಯೋದು. ಈಗ ಅಲ್ಯೂಮಿನಿಯಂ, ತೆಳು ಕೊಳವೆ. ಬೇರೆ ಬೇರೆ ಲೋಹಗಳ ನಡುವೆ ಲವಣದ ನೀರು ಬಂದರೆ ಅದೊಂದು ಬ್ಯಾಟರಿ ಇದ್ದ ಹಾಗೆ, ಒಂದು ಲೋಹ ತಿನ್ನಿಸಿಕೊಳ್ಳುತ್ತೆ. ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಸಿಲಿಂಡರ್ ಲೈನರ್ ಪ್ರತಿ ಹೊಡೆತಕ್ಕೂ ನಡುಗುತ್ತೆ. ಆ ನಡುಕಕ್ಕೆ ಪಕ್ಕದ ನೀರಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ. ಹಾಗೆ ಒಡೆದೂ ಒಡೆದೂ ಉಕ್ಕಿನಲ್ಲೇ ತೂತು ಬೀಳುತ್ತೆ!

ಹಾಗಾಗಿ ಇವತ್ತು ಕೂಲೆಂಟಿನಲ್ಲಿ ನಮಗೆ ಹೆಚ್ಚು ಬೇಕಾದ್ದು ಅದಕ್ಕೆ ಬೆರೆಸಿದ ತುಕ್ಕು ತಡೆಯುವ ರಾಸಾಯನಿಕಗಳು. ನಿಜ ಹೇಳಬೇಕೆಂದರೆ ಶಾಖ ಹೊರುವುದರಲ್ಲಿ ಗ್ಲೈಕಾಲಿಗಿಂತ ನೀರೇ ಮೇಲು. ಆದರೆ ಅರ್ಧಕ್ಕರ್ಧ ಬೆರೆಸಿದ್ದು ಕುದಿಯೋದು ಸುಮಾರು 107 ಡಿಗ್ರಿಯಲ್ಲಿ, ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಅದಕ್ಕೇ ಬರೀ ಕೂಲೆಂಟೂ ಬೇಡ, ಬರೀ ನೀರೂ ಬೇಡ. ಬೆರೆಸೋ ನೀರು ಮಾತ್ರ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಆಗಿರಬೇಕು.

ನಾವು ಮಾಡಿದ್ದೂ ಅಷ್ಟೇ. ಹಿಡಿದಿಟ್ಟ ಮಳೆನೀರು ಹಾಕಿ, ಎಂಜಿನ್ ಓಡಿಸಿ, ತಣಿಸಿ, ಮತ್ತೆ ಖಾಲಿ ಮಾಡಿ, ಹೀಗೆ ನಾಲ್ಕು ಸಲ ತೊಳೆದ ಮೇಲೆ ನೀರು ತಿಳಿಯಾಯ್ತು. ಆಮೇಲೆ ಬೆರೆಸಿಟ್ಟಿದ್ದನ್ನು ನಿಧಾನಕ್ಕೆ ತುಂಬಿ, ಮುಚ್ಚಳ ಹಾಕದೆ ಎಂಜಿನ್ ಚಾಲೂ ಮಾಡಿ, ಥರ್ಮೋಸ್ಟಾಟ್ ತೆರೆದು ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಬರೋವರೆಗೂ ಕಾದು, ಕಮ್ಮಿಯಾದಷ್ಟು ಸೇರಿಸಿದೆವು. ಅಂದ ಹಾಗೆ ಟ್ರಾವೆಲರ್ ಎಂಜಿನ್ನಿನ ಮೂಲವೂ ಮರ್ಸಿಡಿಸ್ಸೇ. ಬಜಾಜ್ ಟೆಂಪೋದವರು 1987ರಲ್ಲಿ ಈ ಗಾಡಿ ತಂದಾಗ ಅದರ ಡೀಸೆಲ್ ಎಂಜಿನ್ ಡೈಮ್ಲರ್-ಬೆಂಜ್ ವಿನ್ಯಾಸದ್ದು. ಬೆರ್ತಾಬಾಯಿ ನಮ್ಮನ್ನು ಬಿಡೋ ಹಾಗೆ ಕಾಣಲ್ಲ :-)

ಎಲ್ಲ ಮುಗೀತು ಅನ್ನುವಾಗ ಬೇಸಿನ್ ಹತ್ತಿರ ಬೀದಿನಾಯಿಯೊಂದು ಬಂದು ಮೂಸುತ್ತಿತ್ತು. ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡಿಸುತ್ತೆ. ಹೇಳಿದ ತಕ್ಷಣ ದೊಡ್ಡಪ್ಪ ನಾಯಿಯನ್ನು ಅಟ್ಟಿ ಬೇಸಿನ್ ಎತ್ತಿಕೊಂಡರು. ಅಭ್ಯಾಸಬಲದಿಂದ ಮೋರಿ ಕಡೆ ಎರಡು ಹೆಜ್ಜೆ ಹಾಕಿ ನಿಂತುಬಿಟ್ಟರು. ಆ ಮೋರಿ ಹೋಗಿ ಸೇರೋದು ನಾಲೆಗೆ. ಅದೇ ನೀರಲ್ಲಿ ದನ ಮೈತೊಳೀತಾರೆ, ಗದ್ದೆಗೆ ಹಾಯಿಸ್ತಾರೆ.

"ಮತ್ತೆಲ್ಲಿಗೆ ಉಯ್ಯದ್ಲಾ ಇದ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬ ಪರಿಚಯದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ "ಚರಂಡಿಗೆ ಸುರೀರಿ ಸಾರ್, ಎಲ್ರೂ ಅದನ್ನೇ ಮಾಡದು" ಅಂದ. ಸದ್ಯಕ್ಕೆ ಎರಡು ಕ್ಯಾನಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ "ವಿಷ" ಅಂತ ಬರೆದು ಅಟ್ಟದ ಮೇಲಿಟ್ಟಿದ್ದೇವೆ. ನೀರು ಚೆಲ್ಲುತ್ತಿದ್ದ ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ ನೋಡಿ. ಈಗ ಕ್ಲೀನರ್ ಹುಡುಗನ ಕೈ ಬೇಯೋದು ತಪ್ಪಿದೆ, ಅದು ದೊಡ್ಡದೇ. ಬದಲಿಗೆ ಈ ಎರಡು ಕ್ಯಾನು ಅಟ್ಟದ ಮೇಲೆ ಕೂತಿವೆ.

ಹೊರಡೋ ದಿನ ನೋಡಿದರೆ ವ್ಯಾನಿನ ಹಿಂದೆ, ಒಲೆ ಪಕ್ಕ, ಒಂದು ಹಳೇ ಟಿನ್ನಿನಲ್ಲಿ ನೀರು ತುಂಬಿಟ್ಟಿತ್ತು. ತಮ್ಮ ಬೇಡ ಅಂದರೂ ಕೇಳಲಿಲ್ಲವಂತೆ. "ಕುದಿದ್ರೆ ಉಯ್ಯಕೆ ಅಲ್ಲ ಕಣ್ಲಾ, ಇರ್ಲಿ" ಅಂದರಂತೆ.

ನಿಮ್ಮ ಮನೆಯಲ್ಲೂ ಲಾರಿ, ಬಸ್ಸು ಓಡಿಸಿದ ಹಿರಿಯರಿದ್ದರೆ ಕೂರಿಸಿಕೊಂಡು ಕೇಳಿ. ಕೈ ಮೇಲಿನ ಕಲೆ ಯಾವುದು ಅಂತಲೂ ಕೇಳಿ. ಹಾಗೇ, ಹಳೇ ಕೂಲೆಂಟನ್ನು ಸರಿಯಾಗಿ ತೆಗೆದುಕೊಳ್ಳುವವರು ಮಂಡ್ಯ, ಮೈಸೂರು ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ದೊಡ್ಡಮ್ಮ ಅಟ್ಟ ಖಾಲಿ ಮಾಡಿ ಅಂತ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ...