ಧಾರವಾಡದ ಪ್ರಶ್ನೆಗಳು

ಹದಿಹರೆಯದ ಮಕ್ಕಳ ಬುದ್ಧಿಯನ್ನು ಪ್ರಶ್ನೆ ಕೇಳಿ ಅಳೆಯುವುದು ಹೈದರಾಬಾದಿನ ಕೋಚಿಂಗ್ ಸೆಂಟರುಗಳು ಕಂಡುಹಿಡಿದದ್ದೇನಲ್ಲ ಬಿಡಿ. ಕನ್ನಡದಲ್ಲಿ ಅದಕ್ಕೆ ತೊಂಬತ್ತು ವರ್ಷದ ಇತಿಹಾಸ ಇದೆ. ಪ್ಯಾರಿಸ್ಸಿನ ಬಿನೆ 1905ರಲ್ಲಿ ಶುರುಮಾಡಿದ ಪರೀಕ್ಷೆಯನ್ನು ಧಾರವಾಡದ ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. 1934ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಅದರ ಲೇಖನ ಬಂತು, 1940ರಲ್ಲಿ ಪುಸ್ತಕ.

ಒಗ್ಗಿಸುವುದು ಅಂದರೆ ಬರೀ ಅನುವಾದವಲ್ಲ. ಅಮೆರಿಕದ ಟರ್ಮನ್ 1916ರಲ್ಲಿ ಹದಿನಾಲ್ಕರ ಮಕ್ಕಳಿಗೆ ಇಟ್ಟ ಪ್ರಶ್ನೆಯೊಂದನ್ನು ನೋಡಿ. ಪಕ್ಕದ ಮನೆಗೆ ಮೊದಲು ಡಾಕ್ಟರು ಬಂದರು, ಆಮೇಲೆ ವಕೀಲರು, ಕೊನೆಗೆ ಪಾದ್ರಿ. ಅಲ್ಲಿ ಏನಾಗಿರಬಹುದು? ಸಾವು ಅಂತ ಊಹಿಸಬೇಕು. ಉಯಿಲು ಬರೆಸುವ ಮನೆಗಳನ್ನು ಕಂಡವನಿಗೆ ಇದು ಸುಲಭ. ನವಲಗುಂದದ ಕಡೆಯ ಹುಡುಗ ತಡವರಿಸಿದರೆ ಅದು ಬುದ್ಧಿಯ ಕೊರತೆಯೋ, ಪಾದ್ರಿಯ ಕೊರತೆಯೋ?

ಇದು ತಮಾಷೆಯಲ್ಲ ಮಾರಾಯ್ರೆ. 'ಬಿನೆ-ಕಾಮತ್' ಪರೀಕ್ಷೆ ಮುಂದೆ ದೇಶದ ಎಷ್ಟೋ ಕ್ಲಿನಿಕ್ಕುಗಳಿಗೆ ಹೋಯಿತು. ಇಂಥ ಪರೀಕ್ಷೆಯಲ್ಲಿ ಅಂಕಿ 70ರ ಕೆಳಗೆ ಬಂದರೆ ಬುದ್ಧಿಮಾಂದ್ಯದ ಪ್ರಮಾಣಪತ್ರದ ಮಾತು ಏಳುತ್ತದೆ. ನಮ್ಮ ಸಿಕಂದರಾಬಾದಿನಲ್ಲೂ 1984ರಲ್ಲಿ ಅಂಥ ಮಕ್ಕಳಿಗಾಗಿಯೇ ರಾಷ್ಟ್ರೀಯ ಸಂಸ್ಥೆ ಶುರುವಾಯಿತು.

ಈಗ ನಮ್ಮ ಮನೆಗಳ ಮಕ್ಕಳನ್ನೇ ತಗೊಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದವನ ಹತ್ತಿರ ದಖ್ಖನಿ, ಶಾಲೆಯಲ್ಲಿ ಇಂಗ್ಲಿಷು. ಯಾರಾದರೂ ಪರೀಕ್ಷೆ ಮಾಡಿಸಿ ಅಂದರೆ ಫೀಸು ಕೇಳುವ ಮೊದಲು, ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳ್ತೀರಿ ಅಂತ ವಿಚಾರಿಸಿ. ಕಾಮತರು ಆಗಲೇ ಎರಡು ಭಾಷೆ ಇಟ್ಟುಕೊಂಡು ಕೂತಿದ್ದರು.