ನೆನಪಿಗೆ ವಿಳಾಸ ಹುಡುಕಿದವರು

ಕೆಲವು ವರ್ಷಗಳ ಹಿಂದೆ ನಮ್ಮ ಊರುಗಳಲ್ಲಿ ‘ಮಿಡ್‌ಬ್ರೈನ್ ಆಕ್ಟಿವೇಷನ್’ ತರಗತಿಗಳ ಭರಾಟೆ ಜೋರಾಗಿತ್ತು. ಮಗುವಿನ ನಡುಮಿದುಳನ್ನು ‘ಎಬ್ಬಿಸಿದರೆ’ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಪುಸ್ತಕ ಓದುತ್ತದೆ, ನೆನಪಿನ ಶಕ್ತಿ ಹೆಚ್ಚುತ್ತದೆ, ಹಠ ಕಡಿಮೆಯಾಗುತ್ತದೆ ಎಂಬ ಆಶ್ವಾಸನೆ; ಶುಲ್ಕ ಮಾತ್ರ ಸಾವಿರಗಟ್ಟಲೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಯಲಿಗೆಳೆದರು. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುತ್ತಿದ್ದರು, ಅಷ್ಟೇ. ನಿಜವಾದ ನಡುಮಿದುಳು ಯಾರ ತರಬೇತಿಗೂ ಕಾದು ಕೂತಿರುವುದಿಲ್ಲ. ಸದ್ದು ಬಂದ ಕಡೆ ಕಣ್ಣು ಹೊರಳಿಸುವುದಕ್ಕೆ ಅದು ಬೇಕು. ಡೋಪಮೈನ್ ತಯಾರಿಸುವ ನರಕೋಶಗಳ ದೊಡ್ಡ ಗುಂಪು ಇರುವುದೂ ಅಲ್ಲೇ. ಆ ಗುಂಪಿನ ಒಂದು ಭಾಗ ಸಾಯುತ್ತ ಹೋದರೆ ಬರುವುದು ಪಾರ್ಕಿನ್ಸನ್ ಕಾಯಿಲೆ.

ಮೋಸದ ಮಾತು ಹಾಗಿರಲಿ. ಜನ ಅದನ್ನು ನಂಬಿದ್ದೇಕೆ ಎಂಬುದು ಹೆಚ್ಚು ಕುತೂಹಲದ ಪ್ರಶ್ನೆ. ಒಂದೊಂದು ಗುಣಕ್ಕೂ ತಲೆಯೊಳಗೆ ಒಂದೊಂದು ವಿಳಾಸವಿದೆ, ಅಲ್ಲಿಗೆ ಹೋಗಿ ಕದ ತಟ್ಟಿದರೆ ಆ ಗುಣ ಎದ್ದು ಬರುತ್ತದೆ ಎಂಬ ಕಲ್ಪನೆಗೆ ಇನ್ನೂರು ವರ್ಷ ದಾಟಿದೆ. ಮಿದುಳಿನ ವಿಜ್ಞಾನ ಹುಟ್ಟಿದ್ದೇ ಆ ಕಲ್ಪನೆಯ ಬೆನ್ನೇರಿ. ಅದನ್ನು ಪೂರ್ತಿ ಒಪ್ಪಲಾಗದೆ, ಪೂರ್ತಿ ಬಿಡಲೂ ಆಗದೆ ಆ ವಿಜ್ಞಾನ ಈವರೆಗೆ ನಡೆದುಬಂದಿದೆ.

ವಿಯೆನ್ನಾದ ವೈದ್ಯ ಫ್ರಾನ್ಸ್ ಜೋಸೆಫ್ ಗಾಲ್ 1800ರ ಸುಮಾರಿಗೆ ತಲೆಬುರುಡೆಯ ಉಬ್ಬುತಗ್ಗುಗಳನ್ನು ಬೆರಳಿನಿಂದ ತಡವಿ ಮನುಷ್ಯನ ಸ್ವಭಾವ ಹೇಳುತ್ತಿದ್ದ. ಜಗಳಗಂಟತನ, ಮಕ್ಕಳ ಮೇಲಿನ ಮಮತೆ, ಕಳ್ಳಬುದ್ಧಿ ಎಲ್ಲಕ್ಕೂ ಅವನಲ್ಲಿ ಪ್ರತ್ಯೇಕ ಜಾಗವಿತ್ತು. ಉಬ್ಬಿನ ಲೆಕ್ಕಾಚಾರ ಶುದ್ಧ ಸುಳ್ಳು. ಆದರೆ ಮನಸ್ಸಿನ ಕೆಲಸಗಳು ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ನಡೆಯುತ್ತವೆ ಎಂಬ ಮೂಲ ಊಹೆಯಲ್ಲಿ ಹುರುಳಿತ್ತು. ಪ್ಯಾರಿಸ್ಸಿನ ಪಿಯರ್ ಫ್ಲೂರೆನ್ಸ್ ಪಾರಿವಾಳಗಳ ಮಿದುಳು ಕತ್ತರಿಸಿ ನೋಡಿ, ಮೇಲುಮಿದುಳು ಅಖಂಡವಾದದ್ದು, ಅದರಲ್ಲಿ ಮನೆ ನಂಬರುಗಳಿಲ್ಲ ಎಂದು ವಾದಿಸಿದ. ಮುಂದಿನ ಜಗಳಗಳೆಲ್ಲ ಬಹುಮಟ್ಟಿಗೆ ಈ ಇಬ್ಬರ ಜಗಳದ ಮರಿಗಳೇ.

1861ರಲ್ಲಿ ತಕ್ಕಡಿ ಗಾಲ್‌ನ ಕಡೆಗೆ ವಾಲಿತು. ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಲೆಬೋರ್ನ್ ಎಂಬ ರೋಗಿಗೆ ಮಾತು ಅರ್ಥವಾಗುತ್ತಿತ್ತು, ಆಡಲು ಮಾತ್ರ ಬರುತ್ತಿರಲಿಲ್ಲ. ಏನು ಕೇಳಿದರೂ ‘ಟಾನ್’ ಎನ್ನುತ್ತಿದ್ದ. ಅವನು ಸತ್ತ ಮೇಲೆ ಪಾಲ್ ಬ್ರೋಕಾ ಮಿದುಳನ್ನು ತೆಗೆದು ನೋಡಿದಾಗ ಎಡ ಮುಂಭಾಗದಲ್ಲಿ ಕೊಳೆತ ಒಂದು ಗುಳಿ ಕಂಡಿತು. ಮಾತಿಗೆ ವಿಳಾಸ ಸಿಕ್ಕಿತು. ಹಾಗಿದ್ದರೆ ಕೋಪಕ್ಕೆ, ಭಯಕ್ಕೆ, ನೆನಪಿಗೆ?

ಸ್ವಭಾವದ ವಿಷಯ ಬಂದಾಗ ಎಲ್ಲರೂ ಹೇಳುವ ಕಥೆ ಫಿನಿಯಾಸ್ ಗೇಜ್‌ನದು. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದಾಗ ಮದ್ದು ಹೊತ್ತಿ, ಆರು ಕಿಲೋ ತೂಕದ ಕಬ್ಬಿಣದ ಹಾರೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹಾರಿಹೋಯಿತು. ಮನುಷ್ಯ ಬದುಕಿಕೊಂಡ. ಆದರೆ ಸ್ನೇಹಿತರಿಗೆ ಅವನು ಹಳೆಯ ಗೇಜ್ ಆಗಿ ಉಳಿಯಲಿಲ್ಲ. ಒರಟನಾದ, ಒಂದು ಯೋಜನೆಗೂ ಅಂಟಿಕೊಳ್ಳುತ್ತಿರಲಿಲ್ಲ ಎಂದು ಅವನ ವೈದ್ಯ ಜಾನ್ ಹಾರ್ಲೋ 1868ರಲ್ಲಿ ಬರೆದ. ಹಣೆಯ ಹಿಂದಿನ ಮಿದುಳು ನಡತೆಯ ಕಡಿವಾಣ ಎಂಬ ಪಾಠಕ್ಕೆ ಇದೇ ಆಧಾರ. ನನಗೆ ಈ ಪಾಠಕ್ಕಿಂತ ಪಾಠಪುಸ್ತಕಗಳು ಬಿಟ್ಟುಬಿಡುವ ಭಾಗವೇ ಮುಖ್ಯವೆನಿಸುತ್ತದೆ. ಅಪಘಾತದ ಕೆಲವು ವರ್ಷಗಳ ನಂತರ ಗೇಜ್ ಚಿಲಿ ದೇಶಕ್ಕೆ ಹೋಗಿ, ವರ್ಷಗಟ್ಟಲೆ ಕುದುರೆಗಾಡಿ ಓಡಿಸಿಕೊಂಡಿದ್ದ. ಗೊತ್ತಿಲ್ಲದ ಭಾಷೆಯ ನಾಡು, ಹಲವು ಕುದುರೆಗಳ ಲಗಾಮು, ಹೊತ್ತಿಗೆ ಸರಿಯಾಗಿ ಪ್ರಯಾಣಿಕರನ್ನು ಮುಟ್ಟಿಸುವ ಕೆಲಸ. ಕಡಿವಾಣವೇ ಕಳೆದುಹೋದವನಿಗೆ ಇದು ಆಗುವ ಮಾತಲ್ಲ. ಮನಶ್ಶಾಸ್ತ್ರದ ಇತಿಹಾಸಕಾರ ಮಾಲ್ಕಂ ಮ್ಯಾಕ್‌ಮಿಲನ್ ಹಳೆಯ ದಾಖಲೆಗಳನ್ನು ಜಾಲಾಡಿ ಇದನ್ನೆಲ್ಲ ಎತ್ತಿ ತೋರಿಸಿದರು. ಗಾಯಗೊಂಡ ಮಿದುಳು ಬೇರೆ ದಾರಿ ಕಂಡುಕೊಂಡಿರಬೇಕು.

ಅದೇ ಶತಮಾನದ ಕೊನೆಯಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಇಟಲಿಯ ಕಮಿಲೋ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಕ್ಕೆ ಕಪ್ಪು ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದ. ನೂರರಲ್ಲಿ ಬೆರಳೆಣಿಕೆಯಷ್ಟು ಕೋಶಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಹತ್ತಿದ ಕೋಶ ಮಾತ್ರ ಹಳದಿ ಹಿನ್ನೆಲೆಯ ಮೇಲೆ ಕೊಂಬೆರೆಂಬೆಗಳ ಸಮೇತ ಪೂರ್ತಿ ಕಾಣುತ್ತದೆ. ಎಲ್ಲಕ್ಕೂ ಹತ್ತಿದ್ದರೆ ಕಪ್ಪು ಮುದ್ದೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸ್ಪೇನಿನ ಸಾಂಟಿಯಾಗೋ ರಮೋನ್ ಇ ಕಹಾಲ್ ಅದೇ ಬಣ್ಣ ಹಾಕಿ ನೋಡಿ, ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡ ಬಲೆಯಲ್ಲ, ಬಿಡಿಬಿಡಿಯಾದವು ಎಂದ. ಗಾಲ್ಜಿ ಒಪ್ಪಲಿಲ್ಲ. 1906ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ಒಂದೇ ವೇದಿಕೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಲ್ಲಗಳೆದು ಭಾಷಣ ಮಾಡಿದರು. ಕಹಾಲ್ ಹೇಳಿದ್ದೇ ಸರಿಯಾಗಿತ್ತು. ಈ ಬಣ್ಣದ ವಿಷಯಕ್ಕೆ ಬೆಂಗಳೂರಿನಲ್ಲಿ ಮತ್ತೆ ಬರುತ್ತೇನೆ.

ಭಾವನೆಯ ಕಡೆ ವಾದ ಶುರುವಾದದ್ದು 1884ರಲ್ಲಿ. ಎದೆ ಹೊಡೆದುಕೊಳ್ಳುವುದು, ಕೈಕಾಲು ನಡುಗುವುದು ಮೊದಲು. ಅದು ಅರಿವಿಗೆ ಬಂದಾಗ ಅದನ್ನೇ ಭಯ ಎನ್ನುತ್ತೇವೆ ಎಂದು ವಿಲಿಯಂ ಜೇಮ್ಸ್ ಬರೆದ. ವಾಲ್ಟರ್ ಕ್ಯಾನನ್ 1927ರಲ್ಲಿ ಇದನ್ನು ಟೀಕಿಸಿದ: ಜ್ವರದಲ್ಲೂ ಕೋಪದಲ್ಲೂ ಒಳಾಂಗಗಳ ಏರುಪೇರು ಹೆಚ್ಚುಕಡಿಮೆ ಒಂದೇ, ಹಾಗಿರುವಾಗ ಅದೇ ಭಾವನೆಯಾಗುವುದು ಹೇಗೆ? ಅವನ ಶಿಷ್ಯ ಫಿಲಿಪ್ ಬಾರ್ಡ್ ಮೇಲುಮಿದುಳನ್ನು ತೆಗೆದುಹಾಕಿದ ಬೆಕ್ಕುಗಳೂ ಬೆನ್ನು ಬಿಲ್ಲಾಗಿಸಿ ಬುಸುಗುಟ್ಟುವುದನ್ನು ತೋರಿಸಿ, ರೋಷದ ಮೂಲವನ್ನು ಮಿದುಳಿನ ಆಳದ ಹೈಪೋಥಲಾಮಸ್‌ಗೆ ಇಳಿಸಿದ. 1937ರಲ್ಲಿ ಜೇಮ್ಸ್ ಪೇಪೆಜ್ ಒಂದು ಜಾಗದ ಬದಲು ಒಂದು ಸುತ್ತುದಾರಿಯನ್ನೇ ಬರೆದ. 1952ರಲ್ಲಿ ಪಾಲ್ ಮ್ಯಾಕ್ಲೀನ್ ಅದನ್ನು ಹಿಗ್ಗಿಸಿ ‘ಲಿಂಬಿಕ್ ವ್ಯವಸ್ಥೆ’ ಎಂದು ಹೆಸರಿಟ್ಟ. ತಲೆಯೊಳಗೆ ಕೆಳಗೊಂದು ಹಲ್ಲಿಯ ಮಿದುಳು, ನಡುವೆ ಪ್ರಾಣಿಯದು, ಮೇಲೆ ಮನುಷ್ಯನದು ಎಂಬ ಅವನ ಇನ್ನೊಂದು ಚಿತ್ರ ಇಂದಿಗೂ ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಓಡಾಡುತ್ತಿದೆ. ಜೀವವಿಕಾಸ ಹಾಗೆ ಮಹಡಿಯ ಮೇಲೆ ಮಹಡಿ ಕಟ್ಟಿಲ್ಲವೆಂದು ತಿಳಿದವರು ಹೇಳಿ ದಶಕಗಳೇ ಆದವು.

ವಿಳಾಸ ಸಿಕ್ಕಿತೆಂಬ ಆತುರಕ್ಕೆ ರೋಗಿಗಳು ತೆತ್ತ ಬೆಲೆಯನ್ನೂ ಹೇಳಬೇಕು. ಪೋರ್ಚುಗಲ್ಲಿನ ಎಗಾಸ್ ಮೋನಿಸ್ 1935ರಲ್ಲಿ ಮಾನಸಿಕ ರೋಗಿಗಳ ಹಣೆಯ ಹಿಂದಿನ ನರತಂತುಗಳನ್ನು ಕತ್ತರಿಸುವ ಚಿಕಿತ್ಸೆ ಶುರುಮಾಡಿ, 1949ರಲ್ಲಿ ಅದಕ್ಕೆ ನೊಬೆಲ್ ಪಡೆದ. ಅಮೆರಿಕದ ವಾಲ್ಟರ್ ಫ್ರೀಮನ್ 1946ರಿಂದ ಕಣ್ಣುಗುಳಿಯ ಮೇಲ್ಗಡೆಯಿಂದ ಮೊನಚು ಸಲಾಕೆ ಹೊಗಿಸಿ ನಿಮಿಷಗಳಲ್ಲಿ ಕೆಲಸ ಮುಗಿಸುತ್ತಿದ್ದ. ರೋಗಿ ಶಾಂತನಾದನೆಂದು ಮನೆಯವರು ನಿಟ್ಟುಸಿರು ಬಿಡುತ್ತಿದ್ದರು. ಉತ್ಸಾಹ, ಹಂಬಲ, ಮುಂದಾಲೋಚನೆಗಳೂ ಜೊತೆಗೆ ಹೋಗಿರುತ್ತಿದ್ದವು.

ಇದೇ ಕಾಲದಲ್ಲಿ, ಇದೇ ಧೈರ್ಯದಿಂದ ನಡೆದ ಇನ್ನೊಂದು ಶಸ್ತ್ರಕ್ರಿಯೆ ನೆನಪಿನ ವಿಜ್ಞಾನವನ್ನೇ ಬದಲಿಸಿತು. ಕನೆಕ್ಟಿಕಟ್‌ನ ಹೆನ್ರಿ ಮೊಲೈಸನ್‌ಗೆ ಚಿಕ್ಕಂದಿನಿಂದ ಮೂರ್ಛೆರೋಗ, ಔಷಧಿಗೆ ಬಗ್ಗುತ್ತಿರಲಿಲ್ಲ. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯ ಕಿವಿಯ ಒಳಪಕ್ಕದ ಮಿದುಳನ್ನು ಎರಡೂ ಕಡೆ ತೆಗೆದುಹಾಕಿದ. ಹಿಪ್ಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲು, ಅದರ ಮುಂದಿರುವ ಬಾದಾಮಿಯಾಕಾರದ ಅಮಿಗ್ಡಲ ಎರಡೂ ಹೋದವು. ಫಿಟ್ಸ್ ಕಡಿಮೆಯಾಯಿತು. ಆದರೆ ಅಂದಿನಿಂದ ಹೆನ್ರಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಬಾಲ್ಯ ನೆನಪಿದೆ, ಬುದ್ಧಿ ಚುರುಕಾಗಿದೆ. ಎದುರಿಗೆ ಕೂತು ಮಾತಾಡಿದವರು ಕೋಣೆಯ ಹೊರಗೆ ಹೋಗಿ ಬಂದರೆ ಅವರು ಹೊಸಬರು.

ಮಾಂಟ್ರಿಯಲ್‌ನಿಂದ ಬ್ರೆಂಡಾ ಮಿಲ್ನರ್ ಅವನನ್ನು ಪರೀಕ್ಷಿಸಲು ಬರತೊಡಗಿದರು. ಒಂದರೊಳಗೊಂದು ಬರೆದ ಎರಡು ನಕ್ಷತ್ರಗಳ ನಡುವಿನ ಸಂದಿಯಲ್ಲಿ, ಕನ್ನಡಿಯಲ್ಲಿ ಮಾತ್ರ ನೋಡುತ್ತ, ಪೆನ್ಸಿಲ್ ಎಳೆಯುವ ಕೆಲಸ ಕೊಟ್ಟರು. ಯಾರೇ ಆದರೂ ಮೊದಲು ತಡವರಿಸುತ್ತಾರೆ, ಕೈ ಉಲ್ಟಾ ಹೋಗುತ್ತದೆ. ಹೆನ್ರಿಯೂ ತಡವರಿಸಿದ. ಮೂರನೆಯ ದಿನಕ್ಕೆ ಗೆರೆ ಸಲೀಸಾಗಿ ಬಂತು. ಈ ಕೆಲಸ ಹಿಂದೆ ಮಾಡಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ! ಕೈ ಕಲಿತದ್ದು ಒಂದು ಕಡೆ, ‘ನಾನು ಕಲಿತೆ’ ಎಂಬ ನೆನಪು ಇನ್ನೊಂದು ಕಡೆ ಎಂಬುದು ಅಲ್ಲಿಗೆ ಖಚಿತವಾಯಿತು. ಮುಂದೆ ದಶಕಗಳ ಕಾಲ ಅವನನ್ನು ಅಧ್ಯಯನ ಮಾಡಿದ ಸುಝಾನ್ ಕಾರ್ಕಿನ್ ತಂಡದವರು ಮತ್ತೊಂದನ್ನು ಗಮನಿಸಿದರು. ರಾತ್ರಿಯೂಟ ಮುಗಿಸಿದ ಸ್ವಲ್ಪ ಹೊತ್ತಿಗೆ ಇನ್ನೊಂದು ತಟ್ಟೆ ತಂದಿಟ್ಟರೆ ಹೆನ್ರಿ ಅದನ್ನೂ ತಿನ್ನುತ್ತಿದ್ದ. ಹಸಿವು, ನೋವುಗಳನ್ನು ತಾನಾಗಿ ಹೇಳಿಕೊಳ್ಳುವುದೂ ಅಪರೂಪ. ಹೋದದ್ದು ನೆನಪು ಮಾತ್ರ ಆಗಿರಲಿಲ್ಲ. 2008ರಲ್ಲಿ ಅವನು ತೀರಿಕೊಂಡ ಮೇಲೆ ಮಿದುಳನ್ನು 2401 ತೆಳು ಪದರಗಳಾಗಿ ಕೊಯ್ದು ಇಡಲಾಯಿತು.

ಕಾರ್ಲ್ ಲಾಶ್ಲಿ ಜೀವಮಾನವಿಡೀ ಇಲಿಗಳ ಮೇಲುಮಿದುಳು ಕತ್ತರಿಸಿ ನೆನಪಿನ ಜಾಗ ಹುಡುಕಿ, 1950ರಲ್ಲಿ ಸೋಲೊಪ್ಪಿದ್ದರು. ಕೆಲವೇ ವರ್ಷಗಳಲ್ಲಿ ಹೆನ್ರಿಯಿಂದಾಗಿ ಜಾಗ ಸಿಕ್ಕಂತಾಯಿತು. ಆಮೇಲೆ ಹಿಪ್ಪೊಕ್ಯಾಂಪಸ್‌ಗೆ ಎಲ್ಲರೂ ಮುಗಿಬಿದ್ದರು. ಇಲಿ ಯಾವ ಮೂಲೆಯಲ್ಲಿದೆ ಎಂಬುದಕ್ಕೆ ತಕ್ಕಂತೆ ಮಿಡಿಯುವ ಕೋಶಗಳನ್ನು ಜಾನ್ ಒ’ಕೀಫ್ 1971ರಲ್ಲಿ ಕಂಡರು. ಪದೇಪದೇ ಪ್ರಚೋದಿಸಿದ ನರಸಂಧಿ ಬಹುಕಾಲ ಬಲವಾಗಿಯೇ ಉಳಿಯುತ್ತದೆಂದು 1973ರಲ್ಲಿ ಬ್ಲಿಸ್ ಮತ್ತು ಲೋಮೊ ತೋರಿಸಿದರು. ಎರಿಕ್ ಕ್ಯಾಂಡೆಲ್ ಕೇವಲ 20,000ದಷ್ಟು ನರಕೋಶಗಳಿರುವ ಕಡಲಮೊಲ ಎಂಬ ಮೃದ್ವಂಗಿಯಲ್ಲಿ ಕಲಿಕೆಯ ರಸಾಯನವನ್ನು ಬಿಡಿಸಿದರು. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ.

ಭಯದ ಕಥೆ ಅಮಿಗ್ಡಲದ ಸುತ್ತ ಬೆಳೆಯಿತು. ಜಿನೀವಾದ ವೈದ್ಯ ಕ್ಲಾಪರೇಡ್ 1911ರಲ್ಲೇ ಒಂದು ವಿಚಿತ್ರ ದಾಖಲಿಸಿದ್ದ. ಮರೆವಿನ ಕಾಯಿಲೆಯ ಹೆಂಗಸಿನ ಕೈ ಕುಲುಕುವಾಗ ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಚುಚ್ಚಿದ. ಚುಚ್ಚಿದ್ದು ಅವಳಿಗೆ ಮರೆತುಹೋಯಿತು, ಆದರೂ ಮುಂದಿನ ಸಲ ಕೈ ಕೊಡಲು ಹಿಂಜರಿದಳು. 1980ರ ದಶಕದಿಂದ ಜೋಸೆಫ್ ಲೆಡೂ ಇಂಥ ಭಯದ ದಾರಿಯನ್ನು ಇಲಿಗಳಲ್ಲಿ ಪತ್ತೆಹಚ್ಚಿದರು. ಅಪಾಯದ ಸದ್ದು ಮೇಲುಮಿದುಳನ್ನು ಹಾಯದೆ ಅಡ್ಡದಾರಿಯಲ್ಲೂ ಅಮಿಗ್ಡಲ ತಲುಪುತ್ತದೆ. ಅದಕ್ಕೇ ಹಗ್ಗವೋ ಹಾವೋ ಎಂದು ತಿಳಿಯುವ ಮೊದಲೇ ಕಾಲು ಹಿಂದಕ್ಕೆ ಬಂದಿರುತ್ತದೆ.

ಅಮೆರಿಕದ ಅಯೋವಾದಲ್ಲಿ ಎಸ್.ಎಂ. ಎಂಬ ಅಕ್ಷರಗಳಿಂದಷ್ಟೇ ಪರಿಚಿತಳಾದ ಮಹಿಳೆಗೆ ಅಪರೂಪದ ಆನುವಂಶಿಕ ಕಾಯಿಲೆಯಿಂದ ಎರಡೂ ಅಮಿಗ್ಡಲಗಳು ನಾಶವಾಗಿದ್ದವು. ಹಾವು ಮಾರುವ ಅಂಗಡಿಗೆ ಕರೆದೊಯ್ದರೆ ಕುತೂಹಲದಿಂದ ಹಾವು ಹಿಡಿದಳು. ಇತರರ ಮುಖದಲ್ಲಿ ಭಯ ಗುರುತಿಸುವುದು ಅವಳಿಗೆ ಕಷ್ಟ. ಭಯದ ವಿಳಾಸ ಇಷ್ಟು ಸ್ಪಷ್ಟವಾಗಿ ಸಿಕ್ಕಿತಲ್ಲ ಎನ್ನುವಷ್ಟರಲ್ಲಿ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅವಳಿಗೆ ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿ ಉಸಿರಾಡಿಸಿದರು. ಅವಳು ಗಾಬರಿಯಿಂದ ಮುಖವಾಡ ಕಿತ್ತೊಗೆದಳು. ಹೊರಗಿನ ಅಪಾಯಕ್ಕೆ ಅಮಿಗ್ಡಲ ಬೇಕು, ಉಸಿರುಗಟ್ಟುವ ಭಯಕ್ಕೆ ಬೇಡ. ಈಚಿನ ವರ್ಷಗಳಲ್ಲಿ ಲೆಡೂ ಅವರೇ ಅಮಿಗ್ಡಲವನ್ನು ಭಯದ ಕೇಂದ್ರ ಎನ್ನಬೇಡಿ, ಅದು ಅಪಾಯಕ್ಕೆ ದೇಹವನ್ನು ಸಜ್ಜುಗೊಳಿಸುತ್ತದೆ ಅಷ್ಟೇ ಎನ್ನುತ್ತಿದ್ದಾರೆ.

ಈಗ ಬೆಂಗಳೂರಿಗೆ ಬರೋಣ. ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಸುಮಂತ್ರ ಚಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ 2002ರಲ್ಲಿ ಪ್ರಕಟಿಸಿದ ಕೆಲಸ ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವಂಥದ್ದು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಡಲಾಯಿತು. ಆಮೇಲೆ ಅವುಗಳ ಮಿದುಳಿಗೆ ಹಾಕಿದ್ದು ಗಾಲ್ಜಿಯ ಅದೇ ಬಣ್ಣ. ಕಪ್ಪಾದ ಒಂದೊಂದೇ ಕೋಶದ ಕೊಂಬೆಗಳನ್ನು ಸೂಕ್ಷ್ಮದರ್ಶಕದಡಿ ಅಳೆದಾಗ, ಹಿಪ್ಪೊಕ್ಯಾಂಪಸ್‌ನಲ್ಲಿ ಕೊಂಬೆಗಳು ಮೊಟಕಾಗಿದ್ದವು. ಇದು ಮೊದಲೇ ತಿಳಿದಿದ್ದ ಸಂಗತಿ. ಅಮಿಗ್ಡಲದಲ್ಲಿ ಅವು ಉದ್ದವಾಗಿ ಬೆಳೆದಿದ್ದವು! ಒಂದೇ ಒತ್ತಡ, ಒಂದೇ ತಲೆ, ಎರಡು ವಿರುದ್ಧ ಪರಿಣಾಮ. 2004ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಲಿಗಳನ್ನು 21 ದಿನ ನೆಮ್ಮದಿಯಾಗಿ ಬಿಟ್ಟಾಗ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲದ ಬೆಳವಣಿಗೆ ಹಾಗೇ ಉಳಿಯಿತು, ಅದರೊಂದಿಗೆ ಆತಂಕವೂ. ಕಷ್ಟದ ದಿನಗಳ ವಿವರ ಮಸುಕಾದರೂ ದಿಗಿಲು ಹೋಗದವರನ್ನು ನಾವೆಲ್ಲ ಕಂಡಿದ್ದೇವೆ. ಇಲಿಯಿಂದ ಮನುಷ್ಯನಿಗೆ ನೇರ ಜಿಗಿಯಬಾರದು ನಿಜ, ಆದರೆ ಎಲ್ಲಿ ನೋಡಬೇಕೆಂದು ಈ ಕೆಲಸ ತೋರಿಸಿತು.

1990ರಲ್ಲಿ ಸೇಜಿ ಒಗಾವಾ ದಾರಿ ತೋರಿಸಿದ ಎಫ್‌ಎಂಆರ್‌ಐ ತಂತ್ರದಿಂದ ತಲೆ ಸೀಳದೆಯೇ ಮಿದುಳಿನ ರಕ್ತದ ಹರಿವನ್ನು ನೋಡುವಂತಾಯಿತು. ಪ್ರೀತಿಯ ಜಾಗ, ಭಕ್ತಿಯ ಜಾಗ, ಶಾಪಿಂಗ್‌ನ ಜಾಗ ಎಂದು ಬಣ್ಣಬಣ್ಣದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಗಾಲ್ ಬದುಕಿದ್ದರೆ ಖುಷಿಪಡುತ್ತಿದ್ದ. ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದೊಳಗಿಟ್ಟು, ಮನುಷ್ಯರ ಫೋಟೋ ತೋರಿಸಿ, ಇವರ ಭಾವನೆ ಏನು ಎಂದು ಕೇಳಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ಸಂಖ್ಯಾಶಾಸ್ತ್ರೀಯ ತಿದ್ದುಪಡಿ ಬಿಟ್ಟರೆ, ಸತ್ತ ಮೀನಿನ ಮಿದುಳಲ್ಲೂ ‘ಚಟುವಟಿಕೆ’ ಕಂಡಿತು. 2012ರಲ್ಲಿ ಅವರಿಗೆ ಇಗ್ನೊಬೆಲ್ ಎಂಬ ಅಣಕು ನೊಬೆಲ್ ಬಂತು. ಅದೇ ವರ್ಷ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತಿತರರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಒಂದು ಭಾವನೆಗೆ ಮಾತ್ರ ಮೀಸಲಾದ ಜಾಗ ಯಾವುದೂ ಕಾಣುತ್ತಿಲ್ಲ ಎಂದರು. ಎಲ್ಲರೂ ಒಪ್ಪಿಲ್ಲ, ಇಲಿಯ ಅಮಿಗ್ಡಲದೊಂದಿಗೆ ದಿನವೂ ಒಡನಾಡುವವರು ಒಪ್ಪುವುದೂ ಸುಲಭವಲ್ಲ. ಫ್ಲೂರೆನ್ಸ್ ಮತ್ತು ಗಾಲ್‌ರ ಜಗಳ ಯಂತ್ರ ಬದಲಿಸಿಕೊಂಡು ಮುಂದುವರಿದಿದೆ.

ಇಷ್ಟರಲ್ಲಿ ಬಂದುಹೋದವರನ್ನು ಗಮನಿಸಿ: ಗೇಜ್, ಲೆಬೋರ್ನ್, ಹೆನ್ರಿ, ಎಸ್.ಎಂ. ನೆನಪು, ಭಾವನೆಗಳ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಯುರೋಪು, ಅಮೆರಿಕದ ತಲೆಗಳಿಂದ ಬಂದದ್ದು. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಈಗ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಅಧ್ಯಯನ ನಡೆಸುತ್ತಿದೆ. ವಯಸ್ಸಾದಂತೆ ಯಾರಿಗೆ ಮರೆವು ಬರುತ್ತದೆ, ಯಾರಿಗೆ ಬರುವುದಿಲ್ಲ, ಏಕೆ ಎಂಬುದು ಪ್ರಶ್ನೆ. ಮಾವಿನ ತೋಪಿನಲ್ಲಿ ದುಡಿದು ಬಂದವರು ರಕ್ತ ಕೊಡುತ್ತಾರೆ, ಸ್ಕ್ಯಾನಿಂಗ್‌ಗೆ ಮಲಗುತ್ತಾರೆ, ನೆನಪಿನ ಪರೀಕ್ಷೆಗೆ ಕೂರುತ್ತಾರೆ. ತೊಡಕಿರುವುದು ಪರೀಕ್ಷೆಯಲ್ಲೇ. ಒಂದು ವಾಕ್ಯ ಬರೆಯಿರಿ, ಈ ಆಕೃತಿ ನೋಡಿ ಚಿತ್ರಿಸಿರಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂಬಂಥ ಪಾಶ್ಚಾತ್ಯ ಪರೀಕ್ಷೆಗಳು ಶಾಲೆ ಕಲಿತವರಿಗೆಂದು ಹೆಣೆದವು. ಪೆನ್ಸಿಲನ್ನೇ ಹಿಡಿಯದ, ಆದರೆ ಸಾಲಗಾರರ ಬಾಕಿಯನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿರುವ ಎಪ್ಪತ್ತರ ಅಜ್ಜಿ ಅದರಲ್ಲಿ ನಪಾಸಾದರೆ, ಅದು ಹಿಪ್ಪೊಕ್ಯಾಂಪಸ್‌ನ ದೋಷವೋ ಪ್ರಶ್ನೆಪತ್ರಿಕೆಯದೋ ಎಂದು ಬೇರ್ಪಡಿಸುವ ಅಳತೆಗೋಲು ಮೊದಲು ಸಿದ್ಧವಾಗಬೇಕು. ಆ ಬಗೆಯ ಪರೀಕ್ಷೆಗಳನ್ನು ನಮ್ಮ ಭಾಷೆಗಳಲ್ಲಿ, ಓದುಬರಹ ಬಾರದವರಿಗೂ ಹೊಂದುವಂತೆ ರೂಪಿಸುವ ಕೆಲಸ ನಡೆಯುತ್ತಿದೆ.